ನರ್ಸಬಾಯಿಯ ವಂಕಿ

ವಂಕಿಯ ಗುಣಗಾನ ಮಾಡುವುದರಲ್ಲಿ ಸಿಂದಗಿಯ ನರ್ಸ್ ಸುಮಿತ್ರಾಬಾಯಿಯನ್ನು ಮೀರಿಸುವವರಿರಲಿಲ್ಲ. ಬಸಿರಾಗದಂತೆ ಗರ್ಭಕೋಶದೊಳಗೆ ಇಡುವ ಆ ಪ್ಲಾಸ್ಟಿಕ್ ಸುರುಳಿಯನ್ನು ಅಂಗೈಯಲ್ಲಿಟ್ಟು ತೋರಿಸಿ, ನೂರಕ್ಕೆ ನೂರು ಗ್ಯಾರಂಟಿ ಎನ್ನುತ್ತಿದ್ದಳು. ಅದರ ದಾರ ಇದೆಯೋ ಇಲ್ಲವೋ ಎಂದು ತಿಂಗಳಿಗೊಮ್ಮೆ ಬೆರಳಿನಿಂದ ಮುಟ್ಟಿ ನೋಡಿಕೊಳ್ಳಲೂ ಹೇಳುತ್ತಿದ್ದಳು. ನಂಬದವರಿಗೆ ಕೊನೆಯ ಅಸ್ತ್ರ: "ನಾನೂ ಹಾಕ್ಕೊಂಡೇನಿ."

೧೯೭೩ರ ಆಷಾಢದಲ್ಲಿ, ಕನ್ನೊಳ್ಳಿಯ ಶಂಕ್ರೆವ್ವನ ಪಡಸಾಲೆಯಲ್ಲಿ ಈ ಭಾಷಣ ನಡೆದಿದ್ದಾಗ ಒಳಗಿನಿಂದ ಬೆಳ್ಳುಳ್ಳಿ ಒಗ್ಗರಣೆಯ ವಾಸನೆ ಬಂತು. ಸುಮಿತ್ರಾಬಾಯಿ ವಂಕಿಯನ್ನು ಶಂಕ್ರೆವ್ವನ ಕೈಗೆ ತುರುಕಿ ಹಿತ್ತಲಿಗೆ ಓಡಿದಳು. ಐದು ಹೆತ್ತ ಶಂಕ್ರೆವ್ವ ತಂಬಿಗೆ ನೀರು ಹಿಡಿದು ಹಿಂದೆಯೇ ಬಂದಳು.

"ಬಾಯಾರ, ಎಷ್ಟು ತಿಂಗಳ್ರಿ?"

ಪಿತ್ತ ಎಂದು ಹೇಳಿ ತಪ್ಪಿಸಿಕೊಂಡು ಬಸ್ಸಿನಲ್ಲಿ ಬೆರಳು ಮಡಚಿ ಎಣಿಸಿದಳು. ಎರಡೂವರೆ. ಹತ್ತು ಹಳ್ಳಿಯ ಹೆಂಗಸರ ಮುಟ್ಟಿನ ತಾರೀಖು ಬಾಯಿಪಾಠವಿದ್ದವಳಿಗೆ ತನ್ನದು ಮಾತ್ರ ಮರೆತುಹೋಗಿತ್ತು.

ಸಿಂದಗಿಯಲ್ಲಿ ತೋರಿಸಿಕೊಂಡರೆ ಊರೆಲ್ಲ ಸುದ್ದಿ. ತಲೆತುಂಬ ಸೆರಗು ಹೊದ್ದು ಮುದ್ದೇಬಿಹಾಳದ ಡಾಕ್ಟರಬಾಯಿಯ ಬಳಿ ಹೋದಳು. ದಾರ ಸಿಗಲಿಲ್ಲ. ವಂಕಿ ಜಾರಿ ಬಿದ್ದಿರಬಹುದು, ಒಳಗೇ ಇದ್ದರೂ ಕೆಲವರಿಗೆ ಬಸಿರು ನಿಲ್ಲುತ್ತದೆ, ವರ್ಷಕ್ಕೆ ನೂರರಲ್ಲಿ ಇಬ್ಬರು ಮೂವರಿಗೆ ಹೀಗಾಗುವುದುಂಟು ಎಂದರು ಅವರು.

"ದಾರ ಕಡೀಕ ಯಾವಾಗ ನೋಡ್ಕೊಂಡಿದ್ರಿ?"

"ನೋಡ್ಕೊಂಡ ಇಲ್ರಿ."

ಗಂಡ ರಾಚಪ್ಪ ಸಾಲಿಮಾಸ್ತರ. ಸುದ್ದಿ ಕೇಳಿ, ನಗು ಕಾಣಬಾರದೆಂದು ಬಹಳ ಹೊತ್ತು ಮೂಗು ಒರೆಸಿಕೊಂಡ. ಅವಳಿಗೂ ಅಳುವಿನ ನಡುವೆ ನಗು ಬಂತು. ಇಬ್ಬರು ಮಕ್ಕಳ ಜೊತೆ ಇದೂ ಬೆಳೆಯಲಿ ಎಂದುಕೊಂಡರು. ರಜೆ ಹಾಕಿ ಇಂಡಿ ಊರಿನ ತವರಿನಲ್ಲಿ ಅವಿತುಕೊಳ್ಳೋಣವೆಂದು ಅವಳು ಎರಡು ಸಲ ಅರ್ಜಿ ಬರೆದಳು, ಎರಡು ಸಲವೂ ಹರಿದಳು. ಹೊಟ್ಟೆ ಎದ್ದು ಕಾಣತೊಡಗಿದ ಮೇಲೆ ಅದೇ ಪಡಸಾಲೆಗೆ ಹೋಗಿ ಕೂತಳು. ಹೆಂಗಸರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

"ನಗ್ರಿ, ನಾನೂ ನಕ್ಕೇನಿ. ನೂರಕ್ಕ ನೂರು ಅಂದಿದ್ದು ಸುಳ್ಳು. ನೂರು ಮಂದ್ಯಾಗ ಇಬ್ರು ಮೂವರಿಗೆ ತಪ್ಪತೈತಿ. ಬಿದ್ದದ್ದೂ ಗೊತ್ತಾಗಂಗಿಲ್ಲ. ನಿಮಗೆಲ್ಲಾ ದಾರ ನೋಡ್ಕೋರಿ ಅಂತ ಹೇಳಿದಾಕಿ, ನಾನ ನೋಡ್ಕೊಳ್ಳಲಿಲ್ಲ."

ವರ್ಷಗಳಿಂದ ವಂಕಿ ಬೇಡವೆನ್ನುತ್ತಿದ್ದ ನೆರೆಮನೆಯ ಹಜರಾಬಿ, ಮುಟ್ಟು ಜಾಸ್ತಿ ಹೋಗುವುದು ನಿಜವೇ ಎಂದು ಕೇಳಿದಳು. ಕೆಲವರಿಗೆ ಹೌದು, ಹೊಟ್ಟೆನೋವೂ ಇರುತ್ತದೆ ಎಂದು ಸುಮಿತ್ರಾಬಾಯಿ ಮೊದಲ ಸಲ ಒಪ್ಪಿಕೊಂಡಳು.

"ಹಂಗಾರ ನನಗ ಹಾಕ್ರಿ," ಎಂದಳು ಹಜರಾಬಿ. "ಇಷ್ಟ ದಿನ ನೀವು ಅಂಗಡಿಯವರಂಗ ಮಾತಾಡ್ತಿದ್ರಿ."

ಸಂಕ್ರಾಂತಿ ಕಳೆದು ಹೆಣ್ಣುಮಗು ಹುಟ್ಟಿತು. ಮಗುವಿನ ಹಿಂದೆ ಬಿದ್ದ ಮಾಸಿನೊಂದಿಗೂ ವಂಕಿ ಬರಲಿಲ್ಲ. ಅದು ಎಂದೋ ಬಿದ್ದುಹೋಗಿತ್ತು. ಎರಡು ತಿಂಗಳ ಮೇಲೆ ಸುಮಿತ್ರಾಬಾಯಿ ಹೊಸದೊಂದನ್ನು ಹಾಕಿಸಿಕೊಂಡಳು. ಅಲ್ಲಿಂದ ಪ್ರತಿ ತಿಂಗಳೂ ರಾಚಪ್ಪ ಊಟಕ್ಕೆ ಕೂತಾಗ ಗಂಭೀರವಾಗಿ ಕೇಳುತ್ತಿದ್ದ: "ಹಾಜರಿ ತಗೊಂಡಿಯೇನು?"

"ಹಾಜರ ಐತ್ರಿ," ಎಂದು ಅವಳು ರೊಟ್ಟಿ ಬಡಿಸುತ್ತಿದ್ದಳು.