ದಾವಲಬೀ ತುಂಬಿಸಿದ ಬ್ಯಾಟರಿ

ದಾವಲಬೀಯ ಮನೆಯಿಂದ ಅರೆಹೊಟ್ಟೆಯಲ್ಲಿ ಹೊರಬಿದ್ದವರು ಇಲ್ಲಿಯತನಕ ಯಾರೂ ಇಲ್ಲ. ಗೋಗಿಯ ಶಾಲೆಯಲ್ಲಿ ಇಪ್ಪತ್ತು ವರ್ಷ ಮಕ್ಕಳಿಗೆ ಬಿಸಿಯೂಟ ಬಡಿಸಿದ ಕೈ ಅದು. ಸಾಕು ಅನ್ನುವ ಮಾತು ಆ ಕಿವಿಗೆ ಬೀಳುವುದೇ ಇಲ್ಲ. ಆ ಶಾಲೆಯ ಮುಖ್ಯೋಪಾಧ್ಯಾಯಿನಿ ದೇವಕ್ಕನ ಗಂಡ ಮಲ್ಲಣ್ಣನ ಹೃದಯದ ಆಪರೇಷನ್ ಆದಾಗಿನಿಂದ ದಾವಲಬೀಯದು ಒಂದೇ ಪಟ್ಟು: ಎದ್ದು ಓಡಾಡುವಂತಾದ ಕೂಡಲೇ ಸುರಪುರದ ಗುಡ್ಡದ ಮೇಲಿನ ತನ್ನ ಮನೆಗೆ ಊಟಕ್ಕೆ ಬರಬೇಕು. ಅದಕ್ಕೇ ಆ ಭಾನುವಾರ ದೇವಕ್ಕ ಗಂಡನನ್ನು ಪಕ್ಕದಲ್ಲಿ ಕೂರಿಸಿಕೊಂಡು ಶಹಾಪುರದಿಂದ ತಾನೇ ಕಾರು ಓಡಿಸಿಕೊಂಡು ಬಂದಿದ್ದಳು.

ಸೆಕೆಂಡ್‌ಹ್ಯಾಂಡ್ ಕಾರು. ಪ್ಲಗ್ಗಿಗೆ ಚುಚ್ಚಿದರೆ ಕರೆಂಟಿನಲ್ಲಿ ಓಡುತ್ತದೆ, ಕರೆಂಟು ತೀರಿದರೆ ಪೆಟ್ರೋಲಿನಲ್ಲಿ. ಮಲ್ಲಣ್ಣ ಇಪ್ಪತ್ತೆಂಟು ವರ್ಷ ಬಸ್ಸು ಓಡಿಸಿದವನು. ಈಗ ಡಾಕ್ಟರು ಸ್ಟೇರಿಂಗ್ ಮುಟ್ಟಬೇಡ ಅಂದಿದ್ದರು. ಕೈ ಕಟ್ಟಿದರೇನು, ಬಾಯಿ ಕಟ್ಟಿರಲಿಲ್ಲವಲ್ಲ. "ಎಡಕ್ಕ ಹಿಡಿ, ಹಾರ್ನ್ ಹೊಡಿ" ಎಂದು ದಾರಿಯುದ್ದಕ್ಕೂ ಹೆಂಡತಿಯ ತಲೆ ತಿಂದಿದ್ದ. ಅವಳಿಗೆ ಲೈಸೆನ್ಸ್ ಸಿಕ್ಕು ಇನ್ನೂ ನಾಲ್ಕೇ ತಿಂಗಳು.

ಕಾರು ನಿಲ್ಲುವುದರೊಳಗೆ ದಾವಲಬೀ ದಪ್ಪ ವೈರು ಎಳೆದು ತಂದಳು. "ಗಾಡಿಗೂ ಉಣಸ್ತೀನ್ರಿ ಅಕ್ಕೋರ. ನಮ್ಮನಿಗಿ ಬಂದದ್ದು ಅರ್ಧ ಹೊಟ್ಟಿಲೆ ಹೋಗಬಾರ್ದು."

ಗುಡ್ಡ ಇಳಿಯುವ ಮುಂಚೆ ಬ್ಯಾಟರಿಯಲ್ಲಿ ಜಾಗ ಇರಬೇಕು ಎಂಬುದು ದೇವಕ್ಕನಿಗೆ ಗೊತ್ತಿತ್ತು. ಇಳಿಜಾರಿನಲ್ಲಿ ಕಾಲು ತೆಗೆದರೆ ಗಾಲಿಗಳೇ ಕರೆಂಟು ಹುಟ್ಟಿಸಿ ಬ್ಯಾಟರಿಗೆ ತುಂಬುತ್ತವೆ, ಹಾಗೆ ತುಂಬುತ್ತಲೇ ಗಾಡಿಯನ್ನು ಹಿಡಿದಿಡುತ್ತವೆ. ಮೊದಲೇ ತುಂಬಿದ್ದರೆ ಆ ಹಿಡಿತವಿಲ್ಲ. ಕಾರು ಮಾರಿದವನು ಇದನ್ನು ಎರಡು ಸಲ ಹೇಳಿದ್ದ. ಆದರೆ ಅಷ್ಟು ಪ್ರೀತಿಯಿಂದ ಚುಚ್ಚಿದ ವೈರನ್ನು ಕಿತ್ತರೆ ಬಡಿಸಿದ ತಾಟು ತಳ್ಳಿದಂತಾಗುತ್ತದೆ. ಸಂಕೋಚಕ್ಕೆ ಬಿದ್ದು ದೇವಕ್ಕ ಮೂರು ಶೇಂಗಾ ಹೋಳಿಗೆ ತಿಂದಳು. ಹೊರಡುವಾಗ ಕಾರಿನ ಪರದೆಯ ಮೇಲೆ ನೂರು ಅಂತ ಇತ್ತು.

ಮೊದಲ ತಿರುವಿನಲ್ಲಿ ಕಾಲು ತೆಗೆದಳು. ಗಾಡಿ ನಿಧಾನವಾಗಲಿಲ್ಲ. ದಿನಾ ಹಿಂದಿನಿಂದ ಯಾರೋ ಸೆರಗು ಹಿಡಿದಂತೆ ಎಳೆಯುತ್ತಿತ್ತು, ಇವತ್ತು ಬಿಟ್ಟೇಬಿಟ್ಟಿತ್ತು. ಬ್ರೇಕ್ ಒತ್ತಿದಳು, ಮತ್ತೆ ಒತ್ತಿದಳು. ಎಡಗಡೆ ಬಂಡೆ, ಬಲಗಡೆ ಆಳ. ಪಕ್ಕದಲ್ಲಿ ಮಲ್ಲಣ್ಣ ಕಣ್ಣು ಮುಚ್ಚಿದ್ದ. "ಇವರಿಗೆ ಗಾಬರಿ ಆಗೋ ಹಂಗೆ ಏನೂ ಮಾಡಬೇಡಿ" ಅಂದಿದ್ದರು ಡಾಕ್ಟರು. ಒಂದಿಷ್ಟು ಕರೆಂಟಾದರೂ ತೀರಲಿ ಎಂದು ಎ.ಸಿ. ಪೂರ್ತಿ ಹಾಕಿದಳು.

"ಚಳಿ ಆಗಾಕತ್ತದ," ಅಂದ ಮಲ್ಲಣ್ಣ.

"ಗಾಜು ಮಬ್ಬಾಗ್ಯಾವ್ರಿ."

ಗಾಜಿನಾಚೆ ಬಿಸಿಲು ಕಣ್ಣು ಕುಕ್ಕುತ್ತಿತ್ತು. ಎರಡನೆಯ ತಿರುವಿನ ಹೊತ್ತಿಗೆ ಸುಟ್ಟ ವಾಸನೆ ಬಂತು. ವಾಸನೆಯನ್ನು ಮಾತಿನಿಂದ ಮುಚ್ಚಬಹುದೇನೋ ಅನ್ನುವಂತೆ ದೇವಕ್ಕ ಹೋಳಿಗೆಯ ಹೂರಣ, ತುಪ್ಪ, ದಾವಲಬೀಯ ಮಂಡಿನೋವು ಎಂದು ಬಾಯಿಗೆ ಬಂದದ್ದೆಲ್ಲ ಆಡಿದಳು. ಗಂಡ ಹೂಂ ಅನ್ನಲಿಲ್ಲ. ತುಟಿ ಎರಡು ಮಾಡದೆ ಕೂತಿದ್ದಾನೆ! ಬೆಳಿಗ್ಗೆಯಿಂದ ತಲೆ ತಿಂದವನಿಗೆ ಈಗ ಏನಾಯಿತು? ಅವನ ಉಸಿರು ನೋಡಲೇ, ರಸ್ತೆ ನೋಡಲೇ? ಎದುರಿಗೆ ಟ್ರ್ಯಾಕ್ಟರ್ ಒಂದು ಏರುತ್ತಿತ್ತು. ಅದನ್ನು ಕೂದಲೆಳೆಯಲ್ಲಿ ದಾಟುವಾಗ ಕಾದ ಬ್ರೇಕ್ ಮೆತ್ತಗಾಗಿ ಕಾಲಿನ ಕೆಳಗೆ ಇಳಿಯಿತು.

ಮಲ್ಲಣ್ಣ ಕಣ್ಣು ತೆರೆದ. ಮುಂದಿನ ಸ್ಟಾಪಿನ ಹೆಸರು ಹೇಳಿದಷ್ಟು ಸಹಜವಾಗಿ ಹೇಳಿದ: "ದೇವಿ, ಮುಂದ ಎಡಕ್ಕ ಒಂದು ಮಣ್ಣಿನ ದಾರಿ ಮ್ಯಾಲಕ್ಕ ಏರ್ತದ. ಅದಕ್ಕ ಹಾಕು. ಏರು ತಾನ ಹಿಡೀತದ."

ಹಾಕಿದಳು. ಕಲ್ಲು ಸಿಡಿದವು, ಕಾರು ಏದುತ್ತ ಏರಿ ನಿಂತಿತು. ಅವಳು ಹ್ಯಾಂಡ್‌ಬ್ರೇಕ್ ಎಳೆಯುವಷ್ಟರಲ್ಲಿ ಮಲ್ಲಣ್ಣ ಇಳಿದು ಹಿಂದಿನ ಗಾಲಿಗೆ ಕಲ್ಲು ಕೊಟ್ಟಿದ್ದ.

"ಈ ದಾರಿ ಯಾವಾಗ ನೋಡಿದ್ರಿ?"

"ಬರೂವಾಗ. ಗುಡ್ಡ ಹತ್ತೂವಾಗೇ ಇಂಥಾ ಜಾಗ ನೋಡಿಟ್ಟಿರಬೇಕು."

"ಮತ್ತ ಬ್ರೇಕಿಂದು?"

"ಮೊದಲನೇ ತಿರುವಿನ್ಯಾಗೇ ಗೊತ್ತಾತು. ಹೇಳಿದ್ರ ನೀ ಗಾಬರಿ ಆಗ್ತಿದ್ದಿ."

ದೇವಕ್ಕನಿಗೆ ಅಳು, ಸಿಟ್ಟು ಒಟ್ಟಿಗೇ ಬಂದವು. "ನಾನೂ ಅದಕ್ಕ ಸುಮ್ಮನಿದ್ದೆ," ಎಂದು ಅವನ ತೋಳಿಗೆ ಒಂದೇಟು ಕೊಟ್ಟು, ಆಮೇಲೆ ಅದೇ ತೋಳು ಹಿಡಿದುಕೊಂಡು ಬಹಳ ಹೊತ್ತು ನಿಂತಳು.

ಬ್ರೇಕ್ ಆರಿ ಗಟ್ಟಿಯಾಗಲು ಮುಕ್ಕಾಲು ತಾಸು ಹಿಡಿಯಿತು. ಮಲ್ಲಣ್ಣ ಒತ್ತಿ ನೋಡಿ ಸರಿ ಅನ್ನುವಂತೆ ತಲೆಯಾಡಿಸಿದ. ಗುಡ್ಡದ ಲೆಕ್ಕ ಅವನಿಗೆ ಗೊತ್ತು, ಬ್ಯಾಟರಿಯ ಲೆಕ್ಕ ಇವಳಿಗೆ. "ಈಗ ಇಳಿಯೂದು ಬ್ಯಾಡ್ರಿ," ಅಂದಳು ದೇವಕ್ಕ. "ಮ್ಯಾಲ ಹತ್ತಿ ಕರೆಂಟ್ ಖರ್ಚು ಮಾಡಿ ಬರೂಣು."

ಕಾರು ಮರಳಿ ಬಂದದ್ದು ಕಂಡದ್ದೇ ದಾವಲಬೀ ವೈರು ಹಿಡಿದು ಓಡಿ ಬಂದಳು. ದೇವಕ್ಕ ಇಳಿದು, ತಾಟಿಗೆ ಕೈ ಅಡ್ಡ ಹಿಡಿದಂತೆ ಚಾರ್ಜಿನ ಮುಚ್ಚಳದ ಮೇಲೆ ಅಂಗೈ ಇಟ್ಟಳು.

"ಸಾಕು ದಾವಲಬೀ."

ನಡೆದದ್ದನ್ನೆಲ್ಲ ಕೇಳಿ ದಾವಲಬೀಯ ಮುಖ ಬಿಳಿಚಿಕೊಂಡಿತು. ಆಮೇಲೆ ರೇಗಿದಳು. "ಇಷ್ಟು ಹೇಳಾಕ ಬಾಯಿ ಇರಲಿಲ್ಲೇನ್ರಿ ಅಕ್ಕೋರ? ನನ್ನ ಮನಸ್ಸು ನೋಯ್ತದಂತ ಇವರ ಜೀವಾನ ಒತ್ತಿ ಇಡ್ತಿದ್ರೇನು?"

ದೇವಕ್ಕ ಕಾರಿನ ಹಿಂದಿನ ಬಾಗಿಲು ತೆರೆದು ಹಿಡಿದಳು. ದಾವಲಬೀಯನ್ನೂ ಕೂರಿಸಿಕೊಂಡು ಗುಡ್ಡದ ನೆತ್ತಿಯ ಮೇಲೆ ಸುತ್ತು ಹೊಡೆದರು. ಪರದೆಯ ಮೇಲಿನ ಅಂಕಿ ತೊಂಬತ್ತಕ್ಕೆ ಬಂದಾಗ ಅವಳನ್ನು ಬಾಗಿಲಿಗೆ ಬಿಟ್ಟು ಹೊರಟರು.

ಮೊದಲ ತಿರುವಿನಲ್ಲಿ ದೇವಕ್ಕ ಉಸಿರು ಬಿಗಿಹಿಡಿದು ಕಾಲು ತೆಗೆದಳು. ಗಾಡಿ ಹಿಂದಕ್ಕೆ ಎಳೆಯಿತು, ನಿಧಾನವಾಯಿತು. ಆದರೂ ಪಕ್ಕಕ್ಕೆ ನೋಡಲು ಧೈರ್ಯ ಸಾಲಲಿಲ್ಲ.

"ಎಡಕ್ಕ ಹಿಡಿ," ಅಂದ ಮಲ್ಲಣ್ಣ. "ಹಾರ್ನ್ ಯಾರು ಹೊಡೀಬೇಕು, ನಾನೇನು?"

ನಾಲ್ಕು ತಿಂಗಳಲ್ಲಿ ಮೊದಲ ಸಲ ಆ ಕಿರಿಕಿರಿ ನಿಲ್ಲದೇ ಇರಲಿ ಅನ್ನಿಸಿತು ಅವಳಿಗೆ. ಹಾರ್ನ್ ಹೊಡೆದಳು.