ಏಳನೇ ದಿನದ ಲೋಳೆ

“ನೀರು ಹಾಕಬೇಡಿ, ಒಂದು ನಿಮಿಷ ತಡೀರಿ,” ಎನ್ನುತ್ತ ರಂಗನಾಯಕಿ ಹಂಡೆಗೂ ಹೆಣಕ್ಕೂ ನಡುವೆ ಹೋಗಿ ನಿಂತಳು.

ಚೊಂಬೆತ್ತಿದ್ದ ದೊಡ್ಡಸಿದ್ದಯ್ಯನ ಕೈ ಹಾಗೆಯೇ ನಿಂತಿತು. ಸತ್ತ ಶಿವಸ್ವಾಮಿಯವರ ಅಣ್ಣ ಆತ. ಹುಲ್ಲಹಳ್ಳಿಯ ಆ ಹಿತ್ತಲಲ್ಲಿ ನೆರೆದಿದ್ದ ನೆಂಟರಿಗೆ ಈ ಹೆಂಗಸು ಯಾರೆಂಬುದೇ ಗೊತ್ತಿರಲಿಲ್ಲ.

“ಯಾರವ್ವ ನೀನು? ಗುಣಿ ತೋಡಿ ಆಯ್ತು. ಅಯ್ನೋರು ಬಂದು ಕುಂತವ್ರೆ.”

“ತಾಂಡ್ಯದ ಔಷಧಿ ಲ್ಯಾಬಲ್ಲಿ ಶಿವಸ್ವಾಮಿ ಸಾರ್ ಕೈಕೆಳಗೆ ಕೆಲಸ ಮಾಡ್ತೀನಿ. ಎಡಗಾಲಿನ ಪಟ್ಟೀನ ಈಗಲೇ ಬಿಚ್ಚಬೇಕು. ನೀರು ಸೋಕಿದ್ರೆ ಅದರಲ್ಲಿರೋ ಔಷಧಿ ತೊಳೆದು ಹೋಗುತ್ತೆ, ಎಷ್ಟು ಉಳಿದಿದೆ ಅಂತ ಅಳೆಯೋಕಾಗಲ್ಲ.”

“ಮನ್ಸನೇ ಓಗವ್ನೆ. ಪಟ್ಟಿ ಓದ್ರೆ ಓಗ್ಲಿ.”

ರಂಗನಾಯಕಿ ಪಟ್ಟಿಗೆಂದು ತಂದಿದ್ದ ಗಾಜಿನ ಸೀಸೆಯ ಮುಚ್ಚಳ ತೆಗೆದಳು.

*

ಹುಣಿಸೆ ಬೀಜದ ಹಿಟ್ಟು ಕಾಯಿಸಿ ಮಾಡಿದ ಲೋಳೆಯ ಹಾಳೆ ಆ ಪಟ್ಟಿ. ಒಳಗಿನ ಔಷಧಿಯನ್ನು ಏಳು ದಿನ ಗಾಯಕ್ಕೆ ಚೂರುಚೂರೇ ಬಿಟ್ಟುಕೊಡಬೇಕು. ಲ್ಯಾಬಿನವರು ಅದನ್ನು ‘ಶಿವಸ್ವಾಮಿ ಗಂಜಿ’ ಎಂದು ಆಡಿಕೊಳ್ಳುತ್ತಿದ್ದರು. ನಾಲ್ಕು ವರ್ಷವಾದರೂ ಫಲ ಕಾಣದೆ, ತಿಂಗಳ ಕೊನೆಗೆ ಕೆಲಸ ನಿಲ್ಲಿಸಿ ಎಂದು ಮೇಲಿನವರು ಹೇಳಿಬಿಟ್ಟಿದ್ದರು.

ಶಿವಸ್ವಾಮಿಯವರಿಗೆ ಸಕ್ಕರೆ ಕಾಯಿಲೆ. ಹೋದ ಬುಧವಾರ, ಎರಡು ವರ್ಷದಿಂದ ಮಾಯದ ಹುಣ್ಣಿನ ಕಾಲನ್ನು ರಂಗನಾಯಕಿಯ ಮುಂದೆ ಸ್ಟೂಲಿನ ಮೇಲಿಟ್ಟು, “ಇದಕ್ಕೇ ಕಟ್ಟಿ,” ಎಂದಿದ್ದರು.

“ತಪ್ಪು ಸಾರ್ ಇದು. ಮನೇಲಿ ಹೇಳಿದೀರಾ?”

“ಹೇಳಿದ್ರೆ ಮಲ್ಲಾಜಿ ಬಿಟ್ಟಾಳಾ? ಬರೋ ಬುಧವಾರ ನೀವೇ ಬಿಚ್ಚಿ ನೋಡಿ. ನಾನು ನೋಡಿದ್ರೆ ವಾಸಿಯಾಗಿದೆ ಅಂತ್ಲೇ ಕಾಣ್ಸುತ್ತೆ.”

ನಿನ್ನೆ, ಮಂಗಳವಾರ ಸಂಜೆ, ಬಸ್‌ಸ್ಟ್ಯಾಂಡಿನಲ್ಲಿ ಎದೆ ಹಿಡಿದುಕೊಂಡು ಕುಸಿದರು. ಹೃದಯ ನಿಂತಿತು ಎಂದರು ಡಾಕ್ಟರು. ಒಳಗೊಳಗೇ ಹುಣ್ಣು ಕೊಳೆತು ನಂಜೇರಿದ್ದರೆ, ತಾನೇ ಕಟ್ಟಿದ್ದಲ್ಲವೇ ಎಂದು ರಂಗನಾಯಕಿ ಆಗಿನಿಂದ ಅದನ್ನೇ ನೆನೆಯುತ್ತಿದ್ದಳು.

*

ಶಿವಸ್ವಾಮಿಯವರ ಹೆಂಡತಿ ಮಲ್ಲಾಜಮ್ಮ ಬಾಗಿಲಿನಿಂದ ಎದ್ದು ಬಂದಳು. ಕೈಯಲ್ಲಿ ಹಳೆ ಸೀರೆಯಿಂದ ಹರಿದ ಬಟ್ಟೆ. ಗಂಡನ ಹುಣ್ಣಿಗೆ ದಿನಾ ಕಟ್ಟುತ್ತಿದ್ದವಳು, ಸ್ನಾನವಾದ ಮೇಲೆ ಕೊನೆಯ ಸಲ ಕಟ್ಟಲೆಂದು ತಂದಿದ್ದಳು.

“ಒಂದು ವಾರದಿಂದ ನಂಗೆ ಕಾಲು ಮುಟ್ಟಕ್ಕೆ ಬುಡ್ನಿಲ್ಲ. ನೀನಾ ಕಟ್ದೋಳು?”

“ಹೌದಮ್ಮ. ನಾನೇ.”

ಮಲ್ಲಾಜಮ್ಮ ಅವಳನ್ನೇ ದಿಟ್ಟಿಸಿದಳು. “ಬಾವ, ಚೊಂಬು ಇಳ್ಸಿ. ನನ್ನ ಮುಂದೆ ಬಿಚ್ಚವ್ವ.”

ರಂಗನಾಯಕಿ ಹಾಳೆ ಬಿಡಿಸಿ ಸೀಸೆಗೆ ಹಾಕಿ ಮುಚ್ಚಳ ತಿರುಗಿಸಿದಳು. ಕಾಲಿನ ಕಡೆ ನೋಡಲು ಧೈರ್ಯ ಸಾಲಲಿಲ್ಲ.

ಮಲ್ಲಾಜಮ್ಮ ಬಗ್ಗಿ ನೋಡಿದಳು. ಎಂಟಾಣೆಯಷ್ಟಗಲವಿದ್ದ ಹುಣ್ಣಿನ ಸುತ್ತ ತೆಳ್ಳನೆ ಹೊಸ ಚರ್ಮ ಬಂದು, ನಡುವೆ ರಾಗಿಕಾಳಿನಷ್ಟು ಮಾತ್ರ ಉಳಿದಿತ್ತು. ಹೆಬ್ಬೆರಳಿಂದ ಒತ್ತಿದಳು. ಇನ್ನೊಮ್ಮೆ ಒತ್ತಿದಳು. ಕೀವಿರಲಿಲ್ಲ.

“ಇಷ್ಟಕ್ಕೆ ಬಟ್ಟೆ ಯಾತಕ್ಕೆ,” ಎಂದಳು.

ದೊಡ್ಡಸಿದ್ದಯ್ಯ ಮತ್ತೆ ಚೊಂಬೆತ್ತಿದ. ಮಲ್ಲಾಜಮ್ಮ ರಂಗನಾಯಕಿಯ ಕೈಯಿಂದ ಸೀಸೆ ತೆಗೆದುಕೊಂಡು, ಮುಚ್ಚಳದ ಸುತ್ತ ಆ ಬಟ್ಟೆಯನ್ನು ಮೂರು ಸುತ್ತು ಬಿಗಿಯಾಗಿ ಸುತ್ತಿ, ದಿನಾ ಹಾಕುತ್ತಿದ್ದ ಗಂಟನ್ನೇ ಹಾಕಿದಳು.