ಬೇಡ ಅನ್ನದ ಮೇಸ್ತ್ರಿ

ಸ್ನಾನದ ತೊಟ್ಟಿಯಲ್ಲಿ ಆಮೆ ಇತ್ತು.

ನರ್ಸಮ್ಮ ಟವೆಲ್ಲನ್ನು ಹೆಗಲ ಮೇಲೆ ಹಾಕಿಕೊಂಡು ಬಾಗಿಲಲ್ಲೇ ನಿಂತುಬಿಟ್ಟಳು. ಈಜು ಕ್ಲಾಸಿನಿಂದ ಈಗಷ್ಟೇ ಬಂದಿದ್ದಳು. ಕೂದಲೆಲ್ಲ ಕೊಳದ ನೀರಿನ ಔಷಧಿಯ ವಾಸನೆ; ಒಂದು ಸಲ ಬಿಸಿನೀರಲ್ಲಿ ತಲೆ ತೊಳೆದುಕೊಂಡರೆ ಸಾಕಪ್ಪಾ ಅನ್ನಿಸಿತ್ತು. ಆಮೆ ಕತ್ತು ಹೊರಗೆ ಚಾಚಿ ಅವಳನ್ನು ಒಮ್ಮೆ ನೋಡಿ, ಇವಳಿಂದ ಏನೂ ಗಿಟ್ಟೋದಿಲ್ಲ ಅಂದುಕೊಂಡಿತೋ ಏನೋ, ಸರಕ್ಕನೆ ಒಳಗೆಳೆದುಕೊಂಡಿತು.

"ರೀ!"

ಹಿತ್ತಲಲ್ಲಿ ಗರಗಸದ ಸದ್ದು ನಿಂತಿತು. "ನೋಡಿದ್ಯಾ? ಬಂದರಿನ ಗೇಟ್ ಕಾಯೋನು ಊರು ಬಿಟ್ಟು ಹೋಗ್ತಿದ್ದಾನೆ ಕಣೇ. ಪಾಪ, ಅವನ ಆಮೇನ ಯಾರೂ ಇಟ್ಕೊಳ್ಳಲ್ಲ ಅಂದ್ರಂತೆ. ಅದಕ್ಕೊಂದು ಮನೆ ಮಾಡೋವರೆಗೂ ಅಲ್ಲೇ ಇರ್ಲಿ."

"ಎಷ್ಟು ವರ್ಷ ಬದುಕುತ್ತೆ ಇದು?"

"ಅದಾ? ನಮ್ಮಿಬ್ಬರನ್ನೂ ಕಳಿಸಿಕೊಟ್ಟು, ಆಮೇಲೂ ಆರಾಮಾಗಿರುತ್ತೆ," ಅಂದು ಮೇಸ್ತ್ರಿ ನಕ್ಕ. ನಗೋದಕ್ಕೇನು, ತೊಟ್ಟಿ ತೊಳೆಯೋಳು ಅವಳಲ್ಲವೇ?

ಹಿಂದಿನ ದಿನವಷ್ಟೇ ಅವಳು ಊರಿಗೆ ಹೋಗುವ ಮಾತೆತ್ತಿದ್ದಳು. ಮಾತೆತ್ತಿದಳು, ಆಮೆ ಬಂತು. ಅಷ್ಟೇ ಲೆಕ್ಕ. ಈ ಮನುಷ್ಯ ಹುಟ್ಟಿದಾಗಿನಿಂದ ಯಾರಿಗೂ 'ಬೇಡ', 'ಆಗಲ್ಲ' ಅಂದವನಲ್ಲ. ಬಂದರಿನಲ್ಲಿ ಕ್ರೇನ್ ಮೇಸ್ತ್ರಿಯಾಗಿದ್ದಾಗಲೂ ಹಾಗೇ. ಮೇಲಿನವರು ಏನು ಕೇಳಿದರೂ "ನೋಡೋಣ ಸರ್" ಅಂದು, ಆಗದ ಕೆಲಸವಾಗಿದ್ದರೆ ಮಾರನೇ ದಿನ ಕ್ರೇನಿನ ಯಾವುದೋ ಭಾಗ ಬಿಚ್ಚಿ ನೆಲದ ಮೇಲೆ ಹರಡಿಕೊಂಡು ಕೂತಿರುತ್ತಿದ್ದ. ಅದನ್ನು ನೋಡಿ ಅವರೇ ಅರ್ಥ ಮಾಡಿಕೊಂಡು ಹೋಗಬೇಕು. ಬಿಚ್ಚಿಡಲು ಮನೆಯಲ್ಲಿ ಕ್ರೇನ್ ಇಲ್ಲವಲ್ಲ, ಅದಕ್ಕೇ ಪ್ರಾಣಿ ತರುತ್ತಿದ್ದ.

ಇಬ್ಬರೂ ಈ ಪರದೇಶಕ್ಕೆ ಬಂದು ಅರ್ಧ ಆಯುಷ್ಯವೇ ಕಳೆದಿತ್ತು. ಅವನು ಬಂದರಿಗೆ, ಅವಳು ಆಸ್ಪತ್ರೆಗೆ. ಕೆಲಸ ಮುಗಿದ ಮೇಲೆ ವಾಪಸ್ ಹೋಗೋದು ಅಂತ ಮದುವೆಯಾದ ಹೊಸದರಲ್ಲೇ ಮಾತಾಗಿತ್ತು. ಅಂದರೆ ಅವಳು ಹೇಳಿದ್ದಳು, ಅವನು "ಹೂಂ" ಅಂದಿದ್ದ. ಈಗ ಇಬ್ಬರಿಗೂ ಒಟ್ಟಿಗೇ ನಿವೃತ್ತಿಯಾಗಿತ್ತು. ಊರಲ್ಲಿ ಅಕ್ಕ ಒಬ್ಬಳೇ. ಭಾವ ತೀರಿಕೊಂಡ ಮೇಲೆ ಮಹಡಿ ಮೇಲಿನ ಎರಡು ಕೋಣೆಗೆ ಸುಣ್ಣಬಣ್ಣ ಮಾಡಿಸಿ ಕಾಯುತ್ತಿದ್ದಳು. ದಿನಾ ಬೆಳಿಗ್ಗೆ ಫೋನು.

"ಲೇ, ನನ್ನ ಮಂಡಿ ಕೈಕೊಟ್ಟಿದೆ. ಮೆಟ್ಟಿಲು ಹತ್ತೋಕಾಗಲ್ಲ. ನೀವು ಬಂದು ಮೇಲಿದ್ರೆ ಸಾಕು, ಓಡಾಡೋ ಸದ್ದಾದ್ರೂ ಕೇಳುತ್ತೆ. ನಿನ್ನ ಗಂಡ ಏನಂತಾನೆ?"

"ಏನಂತಾರೆ? ಬೆಕ್ಕು ತಂದಿದ್ದಾರೆ," ಅಂದಿದ್ದಳು ನರ್ಸಮ್ಮ ಆ ವರ್ಷದ ಮೊದಲ ತಿಂಗಳಲ್ಲಿ.

ಬೆಕ್ಕಿಗೆ ಒಂದು ಕಿವಿ ಅರ್ಧ ಇರಲಿಲ್ಲ, ಪೊಗರು ಮಾತ್ರ ಪೂರ್ತಿ ಇತ್ತು. ಎರಡನೇ ಸಲ ಮಾತೆತ್ತಿದಾಗ ಮೀನಿನ ತೊಟ್ಟಿ ಬಂತು. ಮೂರನೇ ಸಲಕ್ಕೆ ಜೋಡಿ ಹಕ್ಕಿ; ಬೆಳಕು ಹರಿಯುವ ಮೊದಲೇ ಎದ್ದು ಗಂಟಲು ಹರಿದುಕೊಳ್ಳುವ ಜಾತಿ. ಮೇಸ್ತ್ರಿಗೆ ನಿವೃತ್ತಿಯ ನಂತರ ಮರಗೆಲಸದ ಹುಚ್ಚು ಬೇರೆ ಹಿಡಿದಿತ್ತು. ಬಂದ ಪ್ರತಿಯೊಂದಕ್ಕೂ ಮನೆ ಕಟ್ಟುತ್ತಿದ್ದ: ಬೆಕ್ಕಿಗೆ ಮಹಡಿ ಮನೆ, ಹಕ್ಕಿಗೆ ಜಾರು ಚಾವಣಿಯ ಮನೆ. ಕಟ್ಟಿ ಮುಗಿಸಿದ ಮೇಲೆ ಎರಡು ಹೆಜ್ಜೆ ಹಿಂದೆ ನಿಂತು ತಲೆ ಓರೆ ಮಾಡಿ ನೋಡಿ, ಉಳಿ ಸುತ್ತಿಗೆ ಒರೆಸಿಟ್ಟರೆ ಅವನ ಕೆಲಸ ಮುಗಿಯಿತು. ಆಮೇಲಿನದೆಲ್ಲ ನರ್ಸಮ್ಮನ ತಲೆಗೆ. ಮೀನಿಗೆ ಚಿಟಿಕೆ ಕಾಳು, ಬೆಕ್ಕಿಗೆ ಹುಳುವಿನ ಮಾತ್ರೆ, ಹಕ್ಕಿ ತಟ್ಟೆಯ ಹೊಟ್ಟು ಊದೋದು. ಜನ್ಮವಿಡೀ ವಾರ್ಡಿನಲ್ಲಿ ಮಾಡಿದ್ದನ್ನೇ ಈಗ ಮನೆಯಲ್ಲಿ ಮಾಡು ಅಂದರೆ! ಹಕ್ಕಿಗಳ ಮುಂದೆ ನಿಂತು ಬೈಯುತ್ತಲೇ ನೀರು ಬದಲಿಸುತ್ತಿದ್ದಳು.

ಮಗಳು ಇದೇ ಬಂದರು ಪಟ್ಟಣದ ಇನ್ನೊಂದು ತುದಿಯಲ್ಲಿದ್ದಳು, ಹಲ್ಲಿನ ಡಾಕ್ಟರು. ರಜೆಯ ದಿನ ಮಗುವನ್ನು ಕರೆದುಕೊಂಡು ಬಂದವಳು ಆಮೆಯನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಅಮ್ಮಾ, ನೀನು ಇನ್ನೊಂದು ಸಲ ಊರು ಅಂದ್ರೆ ಅಪ್ಪ ಆನೆ ತರ್ತಾರೆ."

"ನಿಂಗೆ ನಗು. ನಿಮ್ಮಪ್ಪನ ಬಾಯಿಗೆ ಏನಾಗಿದೆ ಅಂತ ನೋಡೇ, ಡಾಕ್ಟರು ತಾನೇ ನೀನು? ಬರಲ್ಲ ಅಂದ್ರೆ ಬರಲ್ಲ ಅನ್ಲಿ. ಬರ್ತೀನಿ ಅಂದ್ರೆ ಬರ್ತೀನಿ ಅನ್ಲಿ. ಈ ಪ್ರಾಣಿ ಭಾಷೆ ಕಲಿತೂ ಕಲಿತೂ ಸಾಕಾಗಿದೆ ನಂಗೆ."

ಮೇಸ್ತ್ರಿ ಅಲ್ಲೇ ಕೂತು ಮೊಮ್ಮಗಳಿಗೆ ಆಮೆಯ ಬೆನ್ನು ತೋರಿಸುತ್ತಿದ್ದ. ಈ ಮಾತು ತನ್ನದಲ್ಲ, ಪಕ್ಕದ ಮನೆಯವರದು ಅನ್ನುವ ಹಾಗೆ.

ಎಲೆ ಉದುರಲು ಶುರುವಾದಾಗ ಅಕ್ಕ ಬಚ್ಚಲಲ್ಲಿ ಜಾರಿ ಬಿದ್ದಳು. ಮೂಳೆ ಮುರಿಯಲಿಲ್ಲ. ಆದರೆ ಪಕ್ಕದವರು ಬಂದು ಎತ್ತುವವರೆಗೂ ತಣ್ಣನೆಯ ನೆಲದ ಮೇಲೇ ಬಿದ್ದಿದ್ದಳಂತೆ. ಅದನ್ನು ಫೋನಿನಲ್ಲಿ ನಗುನಗುತ್ತಾ ಹೇಳಿದಳು. ಆ ನಗು ಕೇಳಿ ನರ್ಸಮ್ಮ ಫೋನಿಟ್ಟವಳೇ ಹಿತ್ತಲಿಗೆ ಹೋದಳು.

"ನಾನು ಟಿಕೆಟ್ ತಗೊಳ್ತಿದೀನಿ. ಚಳಿ ಜೋರಾಗೋ ಮುಂಚೆ ಹೊರಡೋದೇ. ಇನ್ನು ಅಲ್ಲೇ ಇರೋಳು ನಾನು. ನಿಮಗೂ ತಗೊಳ್ಳಲಾ, ಬೇಡ್ವಾ?"

ಮೇಸ್ತ್ರಿ ಮರದ ಹೊಟ್ಟನ್ನು ಕೈಯಿಂದ ಸವರಿ ಸವರಿ ಒಂದು ಕಡೆ ಗುಡ್ಡೆ ಮಾಡಿದ. "ಹೂಂ. ನೋಡೋಣ," ಅಂದ. ಆಮೇಲೆ ಟೊಪ್ಪಿ ಹಾಕಿಕೊಂಡು ಹೊರಗೆ ಹೋದ.

ಸರಿ, ಬಂತು ಇನ್ನೊಂದು, ಅಂದುಕೊಂಡಳು ನರ್ಸಮ್ಮ. ಮೇಕೆಯೋ, ಗಿಣಿಯೋ, ದೇವರೇ ಬಲ್ಲ.

ಮೇಸ್ತ್ರಿ ಬರಿಗೈಯಲ್ಲಿ ಬಂದ. ಬಂದವನು ಮೀನಿನ ತೊಟ್ಟಿಯ ನೀರು ಅರ್ಧ ಖಾಲಿ ಮಾಡಿ, ಅದನ್ನು ಎದೆಗವಚಿಕೊಂಡು ಮಗಳ ಕ್ಲಿನಿಕ್ಕಿಗೆ ಸಾಗಿಸಿದ. ಹಲ್ಲುನೋವಿನವರು ಕಾಯುತ್ತಾ ನೋಡಿಕೊಂಡಿರಲಿ ಅಂತ. ಆ ವಾರದಲ್ಲೇ ಹಕ್ಕಿಗಳು ಬಂದರಿನ ಹಳೇ ಗೆಳೆಯನ ಮನೆಗೆ ಹೋದವು. ಬೆಕ್ಕು ಬೀದಿ ತುದಿಯ ಬೇಕರಿಯವನ ಪಾಲಾಯಿತು. ಆಮೆಯನ್ನು ಮೊಮ್ಮಗಳು ಮಡಿಲಲ್ಲಿಟ್ಟುಕೊಂಡು ಕಾರಿನಲ್ಲಿ ಕೂತು ಟಾಟಾ ಮಾಡಿದಳು.

ಪ್ರಾಣಿ ಬಂದರೆ 'ಇಲ್ಲ'. ಹಾಗಾದರೆ ಪ್ರಾಣಿ ಹೋದರೆ? ನರ್ಸಮ್ಮನಿಗೆ ಕುಣಿದುಬಿಡೋಣ ಅನ್ನಿಸಿತು. ಬಾಯಿಬಿಟ್ಟು ಹೇಳದಿದ್ದರೆ ಕತ್ತೆ ಬಾಲ, ಹೊರಟನಲ್ಲ! ಎರಡು ಟಿಕೆಟ್ ತೆಗೆದಳು. ಅಕ್ಕನಿಗೆ ಫೋನು ಮಾಡಿದಳು.

"ಇಬ್ರೂ ಬರ್ತಿದೀವಿ ಕಣೇ ಅಕ್ಕಾ!"

"ಅಯ್ಯೋ ನನ್ನಮ್ಮಾ! ಇರು, ಇನ್ನೊಂದು ಮಂಚ ಹಾಕಿಸ್ತೀನಿ. ನಿನ್ನ ಗಂಡನಿಗೆ ಹಾಸಿಗೆ ಗಟ್ಟಿ ಇರಬೇಕಾ, ಮೆತ್ತಗಿರಬೇಕಾ?"

"ಗಟ್ಟಿ," ಅಂದಳು.

ಹೊರಡುವ ಹಿಂದಿನ ದಿನ ಮಧ್ಯಾಹ್ನ ಹಾಸಿಗೆಯ ಮೇಲೆ ದೊಡ್ಡ ಸೂಟ್‌ಕೇಸ್ ಬಿಚ್ಚಿಟ್ಟು, ಒಂದು ಕಡೆ ತನ್ನ ಬಟ್ಟೆ, ಇನ್ನೊಂದು ಕಡೆ ಅವನದು ಜೋಡಿಸುತ್ತಿದ್ದಳು. ಮೇಸ್ತ್ರಿ ಬಾಗಿಲಿಗೆ ಒರಗಿ ಬಹಳ ಹೊತ್ತಿನಿಂದ ನಿಂತಿದ್ದ. ಅವಳು ಅವನ ನೀಲಿ ಸ್ವೆಟರ್ ಮಡಚಿ ಒಳಗಿಟ್ಟಳು.

"ಅದು ಬೇಡ," ಅಂದ.

"ಯಾಕೆ? ವಿಮಾನದಲ್ಲಿ ಚಳಿ ಅಂತ ಆಮೇಲೆ ನನ್ನ ಜೀವ ತಿಂತೀರಾ. ಯಾವುದಿಡ್ಲಿ ಹೇಳಿ, ಬೂದು ಬಣ್ಣದ್ದಾ?"

"ಯಾವುದೂ ಬೇಡ. ನಾನು ಬರಲ್ಲ ಕಣೇ," ಅಂದ.

ನರ್ಸಮ್ಮನ ಕೈ ಸ್ವೆಟರಿನ ಮೇಲೇ ನಿಂತಿತು. "ಮತ್ತೆ ಅವನ್ನೆಲ್ಲ ಯಾಕ್ರೀ ಕೊಟ್ಟುಬಿಟ್ರಿ?"

"ನೀನು ಹೋದ್ಮೇಲೆ ನೋಡ್ಕೊಳ್ಳೋರು ಯಾರು? ಆ ಮೀನಿಗೆ ಎಷ್ಟು ಹಾಕ್ಬೇಕು ಅಂತಾನೂ ಗೊತ್ತಿಲ್ಲ ನಂಗೆ."

ಅವಳಿಗೆ ಮೈಯೆಲ್ಲ ಉರಿದುಹೋಯಿತು. "ಇಡೀ ವರ್ಷ ಕೇಳಿದ್ನಲ್ರೀ! ಒಂದು ಮಾತು, ಒಂದೇ ಒಂದು ಮಾತು ಹೇಳೋಕೆ ನಾಲಿಗೆ ಬಿದ್ದುಹೋಗಿತ್ತಾ? ಅಕ್ಕ ಮಂಚ ಹಾಕಿಸಿದ್ದಾಳೆ! ನಾನು ಯಾವ ಮುಖ ಇಟ್ಕೊಂಡು ಹೋಗ್ಲಿ?"

"ಹೇಳಿದ್ರೆ ನೀನು ಉಳಿದುಬಿಡ್ತಿದ್ದೆ," ಅಂದ ಮೇಸ್ತ್ರಿ. "ಮನಸ್ಸಿಲ್ಲದೆ ಉಳೀತಿದ್ದೆ. ಮನೆ ತುಂಬಿದ್ರೆ ನಿಂಗೇ ಇಲ್ಲಿರೋಣ ಅನ್ಸುತ್ತೇನೋ ಅಂತ ಒಂದೊಂದೇ ತಂದೆ. ಅನ್ನಿಸ್ಲಿಲ್ಲ. ಅಕ್ಕ ಬಿದ್ದ ಮೇಲೆ ನಿನ್ನ ಮುಖ ನೋಡೋಕಾಗ್ಲಿಲ್ಲ. ಹೋಗು ನೀನು. ನಂಗೆ ಅಲ್ಲಿ ಯಾರಿದ್ದಾರೆ ಹೇಳು? ಮೀಸೆ ಬರೋ ಮುಂಚೆ ಬಿಟ್ಟು ಬಂದೋನು. ಇಲ್ಲಿ ಬಂದರಿನ ಕಡೆ ನಡೆದ್ರೆ ಇವತ್ತಿಗೂ ನಾಲ್ಕು ಜನ ಮೇಸ್ತ್ರೀ ಅಂತಾರೆ. ಅಲ್ಲಿ ಮಹಡಿ ಮೇಲೆ ಕೂತು ಏನು ಮಾಡ್ಲಿ?"

ಮದುವೆಯಾದಾಗಿನಿಂದ ಅವನು ಒಂದೇ ಸಲಕ್ಕೆ ಇಷ್ಟು ಮಾತಾಡಿದ್ದನ್ನು ಅವಳು ಕೇಳಿರಲಿಲ್ಲ. ಬೈಯಲು ಇನ್ನೂ ಬೇಕಾದಷ್ಟಿತ್ತು. ಆದರೆ ಅವನು ಹೇಳಿದ್ದರಲ್ಲಿ ಸುಳ್ಳು ಅನ್ನುವಂಥದ್ದು ಒಂದೂ ಸಿಗಲಿಲ್ಲ. ತಾನು ಉಳಿಯುತ್ತೇನೆ ಅನ್ನುವ ಮಾತು ನಾಲಿಗೆಯ ತುದಿಗೆ ಬಂತು. ತಣ್ಣನೆಯ ನೆಲದ ಮೇಲೆ ಬಿದ್ದಿದ್ದ ಅಕ್ಕ ಕಣ್ಣ ಮುಂದೆ ಬಂದಳು. ಮಾತು ಅಲ್ಲೇ ನಿಂತಿತು.

ಮೂಗೊರೆಸಿಕೊಂಡು, ಸೂಟ್‌ಕೇಸಿನಿಂದ ಅವನ ಬಟ್ಟೆಗಳನ್ನು ಒಂದೊಂದಾಗಿ ತೆಗೆದು ಅವನ ಕೈಗೆ ಹಾಕತೊಡಗಿದಳು. ಷರಟು, ಪ್ಯಾಂಟು, ಬನಿಯನ್ನು, ಕೊನೆಗೆ ನೀಲಿ ಸ್ವೆಟರು. ಅವನು ಎರಡೂ ಕೈ ಚಾಚಿ ಅಷ್ಟನ್ನೂ ಹೊತ್ತುಕೊಂಡು ಬೀರುವಿನ ಮುಂದೆ ಹೋಗಿ ನಿಂತ. ತನ್ನ ಬಟ್ಟೆ ಯಾವ ಅರೆಯಲ್ಲಿರುತ್ತದೆ ಅನ್ನುವುದು ಈ ಮಹಾರಾಯನಿಗೆ ಎಂದಾದರೂ ಗೊತ್ತಿತ್ತೇ! ದಿನಾ ಬೆಳಿಗ್ಗೆ ಅದು ಹಾಸಿಗೆಯ ಮೇಲೆ ಬಂದು ಕೂತಿರುತ್ತಿತ್ತು. ಮೇಲೆ ನೋಡಿದ, ಕೆಳಗೆ ನೋಡಿದ. ಆಮೇಲೆ ಅವಳು ಬೆಳಿಗ್ಗೆಯಷ್ಟೇ ಖಾಲಿ ಮಾಡಿದ್ದ ಅವಳ ಅರೆಯಲ್ಲಿ ಎಲ್ಲವನ್ನೂ ನಿಧಾನವಾಗಿ ಇಟ್ಟು, ಅಂಗೈಯಿಂದ ಒತ್ತಿ ಸರಿಮಾಡಿದ.

ಅದು ನನ್ನದು ಕಣ್ರೀ ಅನ್ನಲು ನರ್ಸಮ್ಮ ಬಾಯಿ ತೆರೆದಳು. ಆಮೇಲೆ ತಿರುಗಿ, ಸೂಟ್‌ಕೇಸಿನ ಖಾಲಿ ಅರ್ಧಕ್ಕೆ ತನ್ನ ಬಟ್ಟೆಗಳನ್ನೇ ಅಗಲವಾಗಿ ಹರಡಿದಳು.